ಚೆಂಡೆ ಹೊರುವ ಹೆಗಲು

ನಮ್ಮ ಕಡೆ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಸಾಕು, ಅರ್ಧ ಗಂಟೆಯೊಳಗೆ ಅಂಗಳದ ತುಂಬ ಎಲುಬಿನ ಡಾಕ್ಟರುಗಳೇ. ಒಬ್ಬರು ಉಜ್ಜಬೇಕು ಎನ್ನುತ್ತಾರೆ, ಇನ್ನೊಬ್ಬರು ಎಳೆಯಬೇಕು ಎನ್ನುತ್ತಾರೆ. ಬಿದ್ದವರ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಮಡಂತ್ಯಾರು ಹತ್ತಿರದ ಕಾಂತಿಯ ಮನೆಯಲ್ಲೂ ಒಂದು ಬೆಳಿಗ್ಗೆ ಹೀಗೆಯೇ ಆಗುವುದರಲ್ಲಿತ್ತು.

ಮಗಳು ಜ್ಯೋತ್ಸ್ನಾ ಸ್ಕೂಟರಿನಲ್ಲಿ ಹೋಗುವಾಗ ತಿರುವಿನಲ್ಲಿ ಜಲ್ಲಿಗೆ ಚಕ್ರ ಜಾರಿ, ಎಡ ಹೆಗಲ ಮೇಲೆ ಬಿದ್ದಿದ್ದಳು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಮನೆಗೆ ಬಂದವಳು ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದುಕೊಂಡು ಜಗಲಿಯಲ್ಲಿ ಕುಳಿತುಬಿಟ್ಟಳು. ಕುತ್ತಿಗೆಯ ಕೆಳಗೆ ಊದಿಕೊಂಡಿತ್ತು.

ಕಾಂತಿಗೆ ಮಗಳ ನೋವಿನ ಸಂಕಟ ಒಂದು ಕಡೆ, ಚೆಂಡೆಯ ಚಿಂತೆ ಇನ್ನೊಂದು ಕಡೆ. ಊರಿನ ಮಹಿಳಾ ಯಕ್ಷಗಾನ ತಂಡಕ್ಕಾಗಿ ಜ್ಯೋತ್ಸ್ನಾ ನಾಲ್ಕು ವರ್ಷ ಚೆಂಡೆ ಕಲಿತಿದ್ದಳು. ಇನ್ನು ಮೂರು ವಾರಕ್ಕೆ ವೇಣೂರಿನಲ್ಲಿ ಅವಳ ಮೊದಲ ಪ್ರದರ್ಶನ, ನಮ್ಮ ಕಡೆ ಹೇಳುವಂತೆ ಮೊದಲ ಆಟ. ಅಷ್ಟು ಭಾರದ ಚೆಂಡೆಯ ಪಟ್ಟಿಯನ್ನು ಅವಳು ಹಾಕಿಕೊಳ್ಳುವುದು ಇದೇ ಎಡ ಹೆಗಲಿಗೆ.

“ಉಳುಕಿರಬೇಕು. ಎಣ್ಣೆ ಬಿಸಿಗೆ ಇಟ್ಟಿದ್ದೇನೆ. ನಾಲ್ಕು ದಿನ ಚೆನ್ನಾಗಿ ಉಜ್ಜಿದರೆ ಸರಿ ಹೋಗ್ತದೆ,” ಎಂದಳು ಕಾಂತಿ.

ಅಷ್ಟರಲ್ಲಿ ಪಕ್ಕದ ಮನೆಯ ಶಬ್ನಾ ಬಂದಳು. ಅವಳು ಊರಿನ ಆಶಾ ಕಾರ್ಯಕರ್ತೆ.

“ಕಾಂತಿಯಕ್ಕ, ಎಣ್ಣೆ ಅಲ್ಲಿಯೇ ಇರಲಿ.”

“ಎಂತ ಮಾರಾಯ್ತಿ, ನಮ್ಮ ಅಜ್ಜಿ ಎಷ್ಟು ಜನರ ಕೈ ಉಜ್ಜಿ ಸರಿ ಮಾಡಿದ್ದಾರೆ, ಗೊತ್ತುಂಟಾ ನಿನಗೆ?”

“ಎಲುಬು ಮುರಿದಿದ್ದರೆ? ಎಲ್ಲಿ, ನಿಮ್ಮ ಬೆರಳು ಕೊಡಿ ನೋಡುವ.” ಶಬ್ನಾ ಕಾಂತಿಯ ಬೆರಳನ್ನು ಹಿಡಿದು ಕಾಂತಿಯದೇ ಗಂಟಲಿನ ಗುಂಡಿಯ ಪಕ್ಕದಲ್ಲಿ ಇಟ್ಟಳು. “ಇಲ್ಲಿಂದ ಹಾಗೇ ಹೆಗಲಿನ ತುದಿವರೆಗೆ ಹೋಗಿ. ಎಲುಬು ಸಿಗ್ತದಲ್ಲ? ಅದೇ ಕೊರಳೆಲುಬು. ಡಾಕ್ಟರು ಕಾಲರ್ ಬೋನ್ ಅಂತ ಹೇಳ್ತಾರೆ.”

“ಇದು ಸ್ವಲ್ಪ ಡೊಂಕುಂಟು.”

“ಎಲ್ಲರದ್ದೂ ಡೊಂಕೇ. ಕೈಯನ್ನೂ ಹೆಗಲನ್ನೂ ಎದೆಗೂಡಿಗೆ ಜೋಡಿಸಿ ಹಿಡಿಯುವ ಎಲುಬು ಇದೊಂದೇ. ಹೆಗಲಿಗೆ ಬಿದ್ದರೂ, ಕೈ ಊರಿ ಬಿದ್ದರೂ ಪೆಟ್ಟು ಬರುವುದು ಇದಕ್ಕೆ. ಹೆಚ್ಚಾಗಿ ನಡುವಿನಲ್ಲೇ ಮುರಿಯುವುದು. ಇದರ ಅಡಿಯಲ್ಲೇ ಕೈಗೆ ಹೋಗುವ ದೊಡ್ಡ ರಕ್ತನಾಳ ಉಂಟು, ನರಗಳು ಉಂಟು. ಮುರಿದದ್ದನ್ನು ಒತ್ತಿ ಉಜ್ಜಿದರೆ ಎಲುಬಿನ ತುದಿ ಅವಕ್ಕೆ ಚುಚ್ಚಬಹುದು.”

ಕಾಂತಿಯ ಬೆರಳು ಅಲ್ಲಿಯೇ ನಿಂತಿತು. ಐವತ್ತು ವರ್ಷ ಬದುಕಿದರೂ ಆ ತೆಳು ಚರ್ಮದ ಕೆಳಗೆ ಇಷ್ಟೆಲ್ಲ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಒಳಗೆ ಹೋಗಿ ಒಲೆ ಆರಿಸಿ ಬಂದಳು.

ಶಬ್ನಾ ಜ್ಯೋತ್ಸ್ನಾಳ ಬೆರಳುಗಳನ್ನು ಆಡಿಸಿ ನೋಡಲು ಹೇಳಿದಳು. ಮರಗಟ್ಟಿದೆಯೇ, ಉಸಿರಾಡಲು ಕಷ್ಟವೇ ಎಂದು ಕೇಳಿದಳು. ಎರಡೂ ಇರಲಿಲ್ಲ. ಮೊಣಕೈ ಮಡಚಿಸಿ, ಕೈಯನ್ನು ಎದೆಗೆ ಒರಗಿಸಿ, ಶಾಲಿನಿಂದ ಜೋಳಿಗೆಯಂತೆ ಕುತ್ತಿಗೆಗೆ ಕಟ್ಟಿದಳು. ಎಳೆಯಲಿಲ್ಲ, ಒತ್ತಲಿಲ್ಲ. ಮೂವರೂ ರಿಕ್ಷಾ ಹತ್ತಿ ಬೆಳ್ತಂಗಡಿಯ ಆಸ್ಪತ್ರೆಗೆ ಹೋದರು.

ಎಕ್ಸ್‌ರೇಯಲ್ಲಿ ಎಲುಬು ನಡುವೆ ಮುರಿದದ್ದು ಕಂಡಿತು. “ತುಂಬ ಸರಿದಿಲ್ಲ, ಆಪರೇಷನ್ ಬೇಡ. ಕೈಗೆ ಜೋಳಿಗೆ ಹಾಕಿಕೊಳ್ಳಿ. ಚೆಂಡೆ ಮಾತ್ರ ನಾನು ಹೇಳುವವರೆಗೆ ಮುಟ್ಟಬಾರದು. ಮೂರು ತಿಂಗಳು ಬೇಕಾಗಬಹುದು,” ಎಂದರು ಚೆಂಡೆಯ ವಿಷಯ ಕೇಳಿದ ಡಾಕ್ಟರು.

ಎರಡು ವಾರ ಕಳೆಯುವಾಗ ನೋವು ಕಡಿಮೆಯಾಯಿತು. ಕಾಂತಿಯ ತಲೆಗೆ ಹುಳ ಹೊಕ್ಕಿದ್ದು ಆಗಲೇ. ಒಳಗಿನಿಂದ ಚೆಂಡೆ ತಂದಳು. “ಪಟ್ಟಿಯನ್ನು ಬಲ ಹೆಗಲಿಗೆ ಹಾಕಿದರಾಯ್ತಲ್ಲ? ಮುರಿದದ್ದು ಎಡದ್ದು ತಾನೆ?” ಜ್ಯೋತ್ಸ್ನಾಳಿಗೂ ಆಸೆ. ಜೋಳಿಗೆ ಬಿಚ್ಚಿ ಕೋಲು ಕೈಗೆತ್ತಿಕೊಂಡಳು.

ನೋಡಿಕೊಂಡು ಹೋಗಲು ಬಂದ ಶಬ್ನಾ ಬಾಗಿಲಲ್ಲೇ ನಿಂತಳು. “ಕಾಂತಿಯಕ್ಕ, ಕೋಲು ಹಿಡಿಯುವುದು ಯಾವ ಕೈಯಲ್ಲಿ?”

“ಎರಡರಲ್ಲೂ.”

“ಎಡಗೈ ಎತ್ತಿದಾಗಲೆಲ್ಲ ಮುರಿದ ಜಾಗ ಅಲುಗಾಡ್ತದೆ. ಹಾಗೆ ಅಲುಗಾಡ್ತಾ ಇದ್ದರೆ ಕೂಡುವುದು ಹೇಗೆ? ನೋವು ಹೋಯ್ತು ಅಂದ್ರೆ ಎಲುಬು ಕೂಡಿತು ಅಂತ ಅಲ್ಲ. ಒಂದು ಆಟ ಹೋದರೆ ಹೋಗಲಿ ಅಕ್ಕ. ಹೆಗಲು ಹೋದರೆ ಅವಳಿಗೆ ಎಷ್ಟು ಆಟ ಹೋಗ್ತದೆ ಯೋಚನೆ ಮಾಡಿ.”

ಜ್ಯೋತ್ಸ್ನಾ ಕೋಲು ಕೆಳಗಿಟ್ಟು ಅತ್ತಳು. ಕಾಂತಿಗೂ ಕಣ್ಣು ತುಂಬಿತು. ಆದರೂ ಜೋಳಿಗೆಯನ್ನು ಮತ್ತೆ ಕಟ್ಟಿದವಳು ಅವಳೇ. ವೇಣೂರಿನ ಆಟಕ್ಕೆ ಬಂಟ್ವಾಳದಿಂದ ಬೇರೆಯವರು ಬಂದು ಚೆಂಡೆ ಬಾರಿಸಿದರು. ಅಮ್ಮ, ಮಗಳು ಕುರ್ಚಿಯಲ್ಲಿ ಕುಳಿತು ನೋಡಿ ಬಂದರು.

ಆಮೇಲೆ ಡಾಕ್ಟರು ಹೇಳಿದಂತೆ ಬೆರಳು, ಮೊಣಕೈ, ಕೊನೆಗೆ ಹೆಗಲಿನ ವ್ಯಾಯಾಮ ನಡೆಯಿತು. ಮುರಿದ ಜಾಗದಲ್ಲಿ ಚಿಕ್ಕ ಗಂಟೊಂದು ಎದ್ದಾಗ ಕಾಂತಿ ಹೆದರಿ ಆಸ್ಪತ್ರೆಗೆ ಓಡಿದಳು. ಹೊಸ ಎಲುಬು ಬೆಳೆದು ಕೂಡುತ್ತಿದೆ, ಹೆದರಬೇಡಿ ಎಂದು ಡಾಕ್ಟರು ನಕ್ಕರು.

ನಾಲ್ಕು ತಿಂಗಳ ನಂತರ ಮೂಡುಬಿದಿರೆಯಲ್ಲಿ ಆಟ. ಡಾಕ್ಟರ ಒಪ್ಪಿಗೆ ಸಿಕ್ಕಿತ್ತು. ಶುರುವಾಗುವ ಮೊದಲು ಕಾಂತಿಯೇ ಚೆಂಡೆ ಎತ್ತಿ ಪಟ್ಟಿಯನ್ನು ಮಗಳ ಎಡ ಹೆಗಲಿಗೆ ಹಾಕಿದಳು. ಹಾಕಿದವಳು ಭಾರವನ್ನು ಮಾತ್ರ ಬಿಡಲಿಲ್ಲ, ಅಡಿಯಲ್ಲಿ ಕೈ ಕೊಟ್ಟು ನಿಂತಳು.

“ಅಮ್ಮ, ಕೈ ಬಿಡು.”

“ನೋವುಂಟಾ?”

“ಇಲ್ಲ ಅಮ್ಮ. ನೀನು ಬಿಟ್ಟರೆ ಬಾರಿಸ್ತೇನೆ.”

ಕಾಂತಿ ಕೈ ಬಿಟ್ಟಳು. ಹೆಗಲು ಭಾರ ಹೊತ್ತುಕೊಂಡಿತು. ಜ್ಯೋತ್ಸ್ನಾ ಬಾರಿಸತೊಡಗಿದಳು, ಕಾಂತಿ ಎಲ್ಲರೆದುರೇ ಸಂತೋಷದಿಂದ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಬಿದ್ದವರ ಹೆಗಲು ಊದಿದ್ದರೆ, ಕೈ ಎತ್ತಲು ಆಗದಿದ್ದರೆ ಎಣ್ಣೆ ಉಜ್ಜಬೇಡಿ, ಎಳೆಯಬೇಡಿ. ಶಾಲಿನಲ್ಲಿ ಕೈಗೆ ಆಸರೆ ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆರಳು ಮರಗಟ್ಟಿದರೆ, ತಣ್ಣಗಾದರೆ, ಉಸಿರು ಕಷ್ಟವಾದರೆ, ಎಲುಬು ಚರ್ಮವನ್ನು ಎತ್ತಿ ಹಿಡಿದಂತೆ ಕಂಡರೆ ಒಂದು ನಿಮಿಷವೂ ಕಾಯಬೇಡಿ. ಡಾಕ್ಟರು ಹೇಳುವವರೆಗೆ ಆ ಹೆಗಲಿಗೆ ಭಾರ ಹೊರಿಸಬೇಡಿ. ನಿಮ್ಮ ಮನೆಯವರು ಆ ಹೆಗಲಲ್ಲಿ ಇನ್ನೂ ಬಹಳ ವರ್ಷ ಮಗುವನ್ನೋ, ಹುಲ್ಲಿನ ಹೊರೆಯನ್ನೋ, ಚೆಂಡೆಯನ್ನೋ ಹೊರಬೇಕಲ್ಲ, ಅದಕ್ಕೆ ಮೂರು ತಿಂಗಳು ಬಿಡುವು ಕೊಡಿ.