ಒಂದಿಂಚು ಜಾಸ್ತಿ

ಶಿಕ್ಷಣ ಕಚೇರಿಯ ಪರೀಕ್ಷಕರು ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದರು. ನಾನು ಏಳಕ್ಕೆ ಮನೆ ಗುಡಿಸಿದೆ, ಎಂಟಕ್ಕೆ ಮತ್ತೆ ಗುಡಿಸಿದೆ, ಒಂಬತ್ತಕ್ಕೆ ಕೈಗೆ ಕೆಲಸ ಸಿಗದೆ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯಲು ಕೂತೆ.

"ಅಮ್ಮಾ, ನೋಯುತ್ತೆ."

"ನೋಯ್ಲಿ. ಏಳೆಂಟ್ಲೆ?"

"ಐವತ್ತಾರು. ನಿನ್ನೇನೂ ಇದನ್ನೇ ಕೇಳಿದ್ದೆ."

ಬಸ್ ಓಡಿಸುವ ನನ್ನ ಗಂಡ ಬೂಟು ಹಾಕಿಕೊಳ್ಳುತ್ತ, "ಪರೀಕ್ಷೆ ಅವಳಿಗೋ ನಿಂಗೋ?" ಎಂದರು. ಹೊಸ್ತಿಲು ದಾಟಿದ ಮೇಲೆ ಇನ್ನೊಂದು ಸೇರಿಸಿದರು. "ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋ ತಾಯಿ. ಹೋದ ಸಲ ಅದು ತೆರೆದಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಸುಳ್ಳೇನಲ್ಲ. ಮಗಳಿಗೆ ಒಂಬತ್ತು ವರ್ಷ, ನಾವು ಕರೆಯುವುದು ಚೂಟಿ ಎಂದು. ತರಗತಿಯಲ್ಲಿ ಮಾತುಮಾತಿಗೂ 'ಯಾಕೆ' ಎನ್ನುತ್ತಾಳೆ ಎಂದು ಅವಳ ಟೀಚರು ಮೂರು ದಿನ ಹೊರಗೆ ನಿಲ್ಲಿಸಿದ್ದರು. ನಾನು ಹೋಗಿ ಮೇಜು ಗುದ್ದಿ, "ನಿಮಗಿಂತ ಚೆನ್ನಾಗಿ ನಾನೇ ಕಲಿಸ್ತೀನಿ" ಎಂದು ಹೇಳಿ ಅವಳನ್ನು ಕರೆದುಕೊಂಡು ಬಂದೆ. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿ ಹೊಲಿಗೆ ಕಲಿತವಳು ಆಡುವ ಮಾತೇ ಅದು? ಆಡಿಯಾಗಿತ್ತು. ನುಂಗುವ ಹಾಗಿರಲಿಲ್ಲ.

ಎಂಟು ತಿಂಗಳಿನಿಂದ ಮುಂದಿನ ಕೋಣೆಯೇ ನನ್ನ ಅಂಗಡಿ, ಅದೇ ಅವಳ ಶಾಲೆ. ನಾನು ಕಾಜಾ ಹೊಲಿಯುವಾಗ ಅವಳು ಪಾಠ ಓದುತ್ತಾಳೆ. ನಾನು ಉಕ್ತಲೇಖನ ಹೇಳುತ್ತ ಮಷಿನ್ ತುಳಿದರೆ, ಆ ಸದ್ದಿನಲ್ಲಿ ಕೇಳಿಸದ ಪದದ ಜಾಗ ಖಾಲಿ ಬಿಡುತ್ತಾಳೆ. ರಾಜರ ಪಾಠದ ನಡುವೆ ಯಾರೋ ಪ್ಯಾಂಟಿನ ಜಿಪ್ಪು ಹಿಡಿದುಕೊಂಡು ಬರುತ್ತಾರೆ. ಅವರು ಹೋಗುವಷ್ಟರಲ್ಲಿ ಯಾವ ರಾಜ ಸತ್ತ, ಯಾವನು ಬದುಕಿದ ಎಂದು ಇಬ್ಬರಿಗೂ ಮರೆತಿರುತ್ತದೆ. ಬೆಳಿಗ್ಗೆ ನಾನೇ ಹೊಲಿದ ಯೂನಿಫಾರಂ ತೊಟ್ಟ ಮಕ್ಕಳು ಬೀದಿಯಲ್ಲಿ ಹೋಗುವುದನ್ನು ಕಂಡರೆ ಮಷಿನ್ ನಿಲ್ಲಿಸಿ ನೋಡುತ್ತೇನೆ. ಅವರಿಗೆ ಇವತ್ತು ಏನು ಕಲಿಸುತ್ತಾರೋ, ನಾನು ಏನು ಬಿಟ್ಟಿದ್ದೇನೋ.

ಪರೀಕ್ಷಕರು ಸರಿ ಎಂದು ಬರೆದರೆ ಇನ್ನೊಂದು ವರ್ಷ ಮನೆಯಲ್ಲೇ ಓದು. ಇಲ್ಲವಾದರೆ ಸೋಮವಾರದಿಂದ ಅದೇ ಶಾಲೆ, ಅದೇ ಟೀಚರು.

ಬಂದವರು ಸಣಕಲು ಮನುಷ್ಯ, ದನಿ ಮೆತ್ತಗೆ. ಚೀಲ ಇಳಿಸುವ ಮೊದಲೇ ನನಗೆ ಹೇಳಿದರು. "ನೀವು ಇಲ್ಲೇ ಕೂತಿರಬಹುದಮ್ಮ. ಆದ್ರೆ ಮಾತಾಡಿದ್ರೆ ಪರೀಕ್ಷೆ ರದ್ದು."

ನಾನು ಮಷಿನ್ನಿನ ಮುಂದಿನ ಸ್ಟೂಲಿನಲ್ಲಿ ಕೂತು ನಾಲಿಗೆ ಕಚ್ಚಿಕೊಂಡೆ.

ಓದಿದಳು, ತಡವರಿಸಲಿಲ್ಲ. ಬರೆದಳು, ಎರಡು ತಪ್ಪು. ಮಗ್ಗಿ ಕೇಳಿದರೆ ಅವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ. ನನ್ನ ಕಾಲು ತನ್ನಷ್ಟಕ್ಕೆ ಪೆಡಲಿನ ಮೇಲೆ ಹೋಗುತ್ತಿತ್ತು. ಎಳೆದುಕೊಳ್ಳುತ್ತಿದ್ದೆ, ಮತ್ತೆ ಹೋಗುತ್ತಿತ್ತು.

ಕೊನೆಗೆ ಅಳತೆ. "ಮೇಜಿನ ಅಗಲ, ಪುಸ್ತಕದ ಉದ್ದ, ನನ್ನ ಚೀಲ, ಕಿಟಕಿ. ನಾಲ್ಕನ್ನೂ ಇಂಚಲ್ಲಿ ಅಳೆದು ಬರಿ" ಎಂದರು. ನನಗೆ ನಗು ಬಂತು. ಮೀನಿಗೆ ಈಜು ಕೇಳಿದ ಹಾಗಾಯಿತು. ಚೂಟಿ ಟೇಪು ಬೀಸಿ, ಹೆಬ್ಬೆರಳಲ್ಲಿ ಒತ್ತಿ, ನಾಲ್ಕನ್ನೂ ಎರಡು ನಿಮಿಷದಲ್ಲಿ ಬರೆದಿಟ್ಟಳು.

ಅವರು ಹಿಂದೆಯೇ ಅಳೆಯುತ್ತ ಬಂದರು. ಮೇಜಿಗೆ ತಪ್ಪು ಎಂದು ಗೀಟು ಹಾಕಿದರು. ಪುಸ್ತಕಕ್ಕೂ ತಪ್ಪು. ಚೀಲ, ಕಿಟಕಿ, ಎಲ್ಲಕ್ಕೂ ತಪ್ಪು.

"ನಾಲ್ಕೂ ಒಂದೊಂದು ಇಂಚು ಜಾಸ್ತಿ ಇದೆಯಲ್ಲಮ್ಮ. ನಿಂಗೆ ಟೇಪು ಓದೋಕೆ ಬರಲ್ವಾ?"

ನನಗೆ ಆಗಲೇ ಹೊಳೆಯಿತು. ಗಿರಾಕಿಗಳು ಅಳತೆಗೆಂದು ಕೊಡುವ ಹಳೇ ಬಟ್ಟೆಯನ್ನು ಅವಳು ಅಳೆದು ಕೂಗುತ್ತಾಳೆ, ನಾನು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತೇನೆ. ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಬಟ್ಟೆಯನ್ನು ಹೊಲಿಗೆಗೆ ಬಿಡಬೇಕು. ಪ್ರತಿ ಸಲ ಕೂಡುವುದು ಯಾರು ಎಂದು, "ಒಂದಿಂಚು ಸೇರಿಸೇ ಹೇಳು" ಎಂದು ಅಭ್ಯಾಸ ಮಾಡಿಸಿದ್ದವಳು ನಾನೇ. ಎಂಟು ತಿಂಗಳು ಅವಳು ಅಳತೆ ಎಂದರೆ ಅದೇ ಎಂದುಕೊಂಡಿದ್ದಾಳೆ.

ನಾನು ಎದ್ದೇ ಬಿಟ್ಟೆ. ಬಾಯಿಯೂ ತೆರೆಯಿತು.

"ಅಮ್ಮಾ, ಕೂತ್ಕೋ" ಎಂದಳು ಚೂಟಿ, ನನ್ನದೇ ದನಿಯಲ್ಲಿ. ಕೂತೆ.

ಪರೀಕ್ಷಕರು ಕನ್ನಡಕ ತೆಗೆದರು. "ಆ ಒಂದಿಂಚು ಎಲ್ಲಿಂದ ಬಂತು, ಹೇಳು ನೋಡೋಣ."

"ಸೇರಿಸ್ಬೇಕಲ್ವಾ?"

"ಯಾಕೆ?"

ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಗೊತ್ತಿಲ್ಲ. ಸೇರಿಸ್ಬೇಕು ಅಷ್ಟೇ."

"ಅಮ್ಮನ್ನ ಕೇಳಬಹುದಿತ್ತಲ್ಲ."

"ಕೇಳಿದ್ರೆ ಬೈತಾಳೆ."

ದೂರು ಹೇಳಿದ ಹಾಗಿರಲಿಲ್ಲ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು. ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಜಗಳವಾದರೂ ಆಡುತ್ತಿದ್ದೆನೇನೋ. ಮೇಜು ಗುದ್ದಲು ಇಲ್ಲಿ ಎದುರಿಗೆ ಯಾವ ಟೀಚರೂ ಇರಲಿಲ್ಲ.

ಕಾಗದ ಮಡಚುತ್ತ ಅವರೇ ಹೇಳಿದರು. "ಈಗ ಮಾತಾಡಿ. ಪರೀಕ್ಷೆ ಮುಗೀತು."

ಹೊಲಿಗೆಯ ಲೆಕ್ಕ ವಿವರಿಸಿದೆ. ಅವರು ತಲೆಯಾಡಿಸಿದರು. "ಲೆಕ್ಕದಲ್ಲಿ ಹುಡುಗಿ ಚುರುಕಿದ್ದಾಳೆ. ಆದ್ರೆ ಹೇಳಿದ್ದನ್ನ ಹಾಗೇ ಮಾಡ್ತಾಳೆ, ಯಾಕೆ ಅಂತ ಕೇಳಲ್ಲ. ಹೇಳಿದಂಗೆ ಮಾಡೋದನ್ನ ಶಾಲೇಲೇ ಕಲಿಸ್ತಾರಲ್ಲಮ್ಮ, ಅದಕ್ಕೆ ಮನೇಲಿ ಯಾಕಿರಬೇಕು? ಇವತ್ತು ಏನೂ ಬರೆಯಲ್ಲ. ಒಂದು ತಿಂಗಳು ಬಿಟ್ಟು ಬರ್ತೀನಿ. ಆಗ್ಲೂ ಹೀಗೇ ಇದ್ರೆ ಶಾಲೆಗೆ ಅಂತ್ಲೇ ಬರೀತೀನಿ."

ಅವರು ಹೋದ ಮೇಲೆ ನಾನು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಕತ್ತರಿ ತೆಗೆದೆ, ಇಟ್ಟೆ. "ಕೇಳೋಕೇನು ದಾಡಿ ನಿಂಗೆ? ಬಾಯಿಲ್ವಾ?" ಎಂದು ಕೂಗಿದ ಮೇಲೆ ಗೊತ್ತಾಯಿತು, ಕೂಗುತ್ತಿದ್ದೇನೆ ಎಂದು.

ಚೂಟಿ ಟೇಪು ಮಡಚುತ್ತ ನಿಂತಿದ್ದಳು.

"ಇಲ್ಲಿ ಬಾ. ಕೇಳು ಈಗ."

"ಬೈಯಲ್ವಾ?"

"ಬೈದ್ರೂ ಬೈತೀನಿ. ನೀನು ಕೇಳು."

ಅವಳು ನನ್ನ ಮುಖ ನೋಡಿದಳು, ಮೋಡ ನೋಡಿ ಬಟ್ಟೆ ಒಣಹಾಕುವವರ ಹಾಗೆ. ಆಮೇಲೆ ಟೇಪು ಬಿಚ್ಚಿ ತೋರಿಸಿದಳು. "ಒಂದಡಿಗೆ ಹನ್ನೆರಡೇ ಇಂಚು ಯಾಕೆ? ಹತ್ತಿದ್ರೆ ಎಷ್ಟು ಸುಲಭ ಆಗ್ತಿತ್ತು."

ಇರೋದೇ ಹಾಗೆ, ತಲೆಹರಟೆ ಮಾಡ್ಬೇಡ. ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ನನಗೂ ನನ್ನ ಶಾಲೆಯಲ್ಲಿ ಅದನ್ನೇ ಹೇಳಿದ್ದರು, ಬೆತ್ತ ತೋರಿಸಿ.

"ನಂಗೊತ್ತಿಲ್ಲ" ಎಂದೆ. ಹೇಳುವಾಗ ಕಿವಿ ಬಿಸಿಯಾಯಿತು.

"ನಿಂಗೂ ಗೊತ್ತಿಲ್ವಾ?"

"ಇಲ್ಲ ಅಂದ್ನಲ್ಲ."

ಅವಳು ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. "ಹಾಗಾದ್ರೆ ಇನ್ನೊಂದು ಕೇಳ್ತೀನಿ" ಎಂದಳು.