ಕೊಸರಿಗೆ ಬಂದ ಹಾವು

ನೆನೆದ ತೆಂಗಿನ ನಾರಿನ ವಾಸನೆ ಬಂದರೆ ಇವತ್ತಿಗೂ ನನಗೆ ಅಜ್ಜಿಯ ಹಿತ್ತಿಲು ನೆನಪಾಗುತ್ತದೆ. ಪಾತ್ರೆ ಉಜ್ಜಲೆಂದು ಅವಳು ಅಲ್ಲಿ ತೆಂಗಿನ ಸಿಪ್ಪೆಯ ರಾಶಿ ಹಾಕಿಕೊಂಡಿದ್ದಳು. ಮಳೆ ಬಿದ್ದರೆ ಅದರಿಂದ ಹುಳಿ ಹುಳಿಯಾದ ಕಮಟು ಏಳುತ್ತಿತ್ತು. ರಾಶಿಯೊಳಗೆ ಒಂದು ಕೇರೆ ಹಾವು ವಾಸವಾಗಿತ್ತು. ಸಿಪ್ಪೆ ತೆಗೆಯುವ ಮೊದಲು ಅಜ್ಜಿ ಕೋಲಿನಿಂದ ಮೆಲ್ಲಗೆ ತಟ್ಟಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು.

"ಯಾಕಜ್ಜಿ ನಿಂತ್ಕೋತೀಯ?"

"ಅದಕ್ಕೂ ಎದ್ದು ಹೋಗೋಕೆ ಪುರುಸೊತ್ತು ಬೇಡ್ವೇನೇ?"

ಹೋದ ವರ್ಷ ಅದೇ ವಾಸನೆ ನನ್ನ ಮನೆಯ ಮಹಡಿಯಿಂದ ಬಂತು. ಭೂಗೋಳದ ಪಾಠ ಹೇಳಿ ನಿವೃತ್ತಳಾದ ಮೇಲೆ ಜಾವಾ ದ್ವೀಪದ ಸಲಾತಿಗಾ ಊರಿನ ಈ ಮನೆಯಲ್ಲಿ ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಕೋಣೆ ಬಾಡಿಗೆಗೆ ಕೊಡುತ್ತೇನೆ. ಕೋಣೆಯಲ್ಲಿ ಒಲೆ ಹಚ್ಚಬಾರದು, ಗಂಡಸರು ಜಗುಲಿ ದಾಟಬಾರದು, ಪ್ರಾಣಿ ಸಾಕಬಾರದು ಎಂದು ಬಾಗಿಲಲ್ಲೇ ಬರೆದು ಅಂಟಿಸಿದ್ದೇನೆ. ವಾಸನೆ ಹಿಡಿದು ಮೇಲೆ ಹೋದರೆ, ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ವೆನಿಂಗ್ ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಎರಡು ಸಲ ತಟ್ಟಿ ಕಾಯುತ್ತ ಕೂತಿದ್ದಳು. ಬೈಯಲು ಬಾಯಿ ತೆರೆದಿದ್ದ ನಾನು ಆ ತಟ್ಟುವಿಕೆಯನ್ನು ಕಂಡು ಬಾಯಿ ಮುಚ್ಚಿಕೊಂಡೆ.

ಒಳಗೆ ತೆಂಗಿನ ನಾರಿನ ಪುಡಿಯ ಮೇಲೆ ಒಂದು ಮರಿ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದಲ್ಲ, ಆಫ್ರಿಕಾ ಕಡೆಯ ಆ ಪುಟ್ಟ ಜಾತಿ. ಮೈಮೇಲೆ ಕೆನೆ ಮತ್ತು ಜೇನಿನ ಬಣ್ಣದ ಚಿತ್ತಾರ. ಆದರೆ ಬೆನ್ನು ಎರಡು ಕಡೆ ಮೊಣಕೈಯಂತೆ ಮಡಚಿಕೊಂಡಿತ್ತು. ಕೆಳದವಡೆ ಎಡಕ್ಕೆ ಓರೆಯಾಗಿತ್ತು. ತಾನಾಗಿ ಬೇಟೆ ಹಿಡಿಯಲು ಅದಕ್ಕೆ ಆಗದು. ವೆನಿಂಗ್ ಚಿಮಟದ ತುದಿಯಲ್ಲಿ ಸತ್ತ ಇಲಿಮರಿಯನ್ನು ಹಿಡಿದು, ಬಾಯಿಯ ಸರಿಯಿದ್ದ ಬದಿಗೆ ತಾಗಿಸಿ, ಅದು ನುಂಗುವ ತನಕ ಕೈ ಅಲುಗಿಸದೆ ಕೂತಿರುತ್ತಿದ್ದಳು. ರೋಗಿಗಳ ಬಾಯಿ ನೋಡಿ ಪಳಗಿದ ಕೈ.

"ಹೆಸರಿಟ್ಟಿದ್ದೀಯಾ?" ಎಂದು ಕೇಳಿದೆ.

"ರಗಿಲ್ ಅಂತ, ಬು." ಮನೆಯ ಕೊನೆಯ ಮಗುವನ್ನು ನಮ್ಮಲ್ಲಿ ರಗಿಲ್ ಎಂದು ಕರೆಯುತ್ತಾರೆ; ಬು ಎಂದರೆ ಅಮ್ಮ.

"ದುಡ್ಡು ಕೊಟ್ಟು ತಂದೆಯಾ?"

"ಇಲ್ಲ. ಇದನ್ನ ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ. ಕೊಸರಿಗೆ ಬಂದಿದ್ದು."

ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದ ವ್ಯಾಪಾರಿ ನಮ್ಮೂರಲ್ಲಿಲ್ಲ. ಹಾಕದಿದ್ದರೆ ಗಿರಾಕಿ ಮತ್ತೆ ಬರುವುದಿಲ್ಲ. ಹಿಂದಿನ ಓಣಿಯಲ್ಲಿ ಹಾವು ಸಾಕಿ ಮರಿ ಮಾಡಿಸಿ ಮಾರುವ ಗುನಾರ್ಸೊ ಅದೇ ಪದ್ಧತಿಯನ್ನು ಹಾವಿಗೂ ತಂದಿದ್ದ. ಚಂದದ ಒಂದು ಮರಿ ಕೊಂಡರೆ ಸೊಟ್ಟದ ಒಂದು ಮರಿ ಕೊಸರು. ಸೊಟ್ಟ ಮರಿಗಳೆಲ್ಲ ಅವನ ಒಂದೇ ಜೋಡಿಗೆ ಹುಟ್ಟಿದವು ಎಂದು ಓಣಿಗೆಲ್ಲ ಗೊತ್ತಿತ್ತು. ವೆನಿಂಗಳ ಕ್ಲಿನಿಕ್ಕಿನ ಡ್ರೈವರ್ ಚಂದದ್ದನ್ನು ಇಟ್ಟುಕೊಂಡು ಇದನ್ನು ಗದ್ದೆಗೆ ಬಿಡಲು ಹೊರಟಿದ್ದ. ಮೆರ್ಬಾಬು ಬೆಟ್ಟದಿಂದ ಇಳಿಯುವ ನಮ್ಮ ಚಳಿಗೆ ಅದು ಎಷ್ಟು ದಿನ ತಾನೇ ಬದುಕೀತು? ವೆನಿಂಗ್ ತಂದು ದೀಪದ ಬಿಸಿಯಲ್ಲಿ ಇಟ್ಟುಕೊಂಡಳು.

ಬಾಗಿಲಿನ ಚೀಟಿಯ ಮೂರನೆಯ ಸಾಲನ್ನು ನಾನೇ ಕಿತ್ತೆ.

ಈ ವರ್ಷ ಮಳೆ ನಿಲ್ಲುವ ಹೊತ್ತಿಗೆ ವೆನಿಂಗಳ ತಾಯಿ ವೊನೊಗಿರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ಅವಳು ಊರಿಗೆ ಹೋಗಲೇಬೇಕಾಯಿತು. ಎರೆಹುಳ ಕಂಡರೂ ಕಿರುಚುವ, ಹಾಸಿಗೆ ಬಿಟ್ಟು ಏಳಲಾಗದ ತಾಯಿಯ ಎದುರು ಹಾವಿನ ಡಬ್ಬಿ ಇಡುವಂತಿರಲಿಲ್ಲ. ಶನಿವಾರ ಬಸ್ಸು ಹೊರಡುವುದರೊಳಗೆ ರಗಿಲ್‌ಗೆ ಒಂದು ಮನೆ ಆಗಬೇಕಿತ್ತು.

ಹಾವು ಸಾಕುವವರ ಗುಂಪಿನಲ್ಲಿ ಅವಳು ಫೋಟೊ ಹಾಕಿದಳು. ಬೇಕು ಎಂದವರಿಗೆ ಕಡಿಮೆಯಿರಲಿಲ್ಲ. ಒಬ್ಬನಿಗೆ ಭಾನುವಾರ ಮೈದಾನದಲ್ಲಿ ಜನರ ಕೊರಳಿಗೆ ಹಾಕಿ ಫೋಟೊ ತೆಗೆಸಲು ಬೇಕಿತ್ತು. ಇನ್ನೊಬ್ಬ ಬರೀ ಹೆಣ್ಣೋ ಗಂಡೋ ಎಂದು ಕೇಳಿದ. ಎಲ್ಲರಿಗೂ ಅವಳ ಉತ್ತರ ಒಂದೇ: "ನನ್ನೆದುರು ಕೂತು ಒಂದ್ಸಲ ಉಣ್ಸಿ. ಇದರಿಂದ ಮೊಟ್ಟೆ ಇಡ್ಸಲ್ಲ ಅಂತ ಮಾತು ಕೊಡಿ. ಆಮೇಲೆ ನೋಡೋಣ." ಆಮೇಲೆ ಯಾರೂ ಬರಲಿಲ್ಲ.

ಬುಧವಾರ ಗುನಾರ್ಸೊ ತಾನೇ ಬಂದ, ಕೈಯಲ್ಲಿ ಬಿಸಿ ಬಾಳೆಹಣ್ಣಿನ ಬೋಂಡ ಹಿಡಿದು. ಅವನು ನನ್ನ ಹಳೆಯ ವಿದ್ಯಾರ್ಥಿ. ಜಾವಾ ದ್ವೀಪದ ನಕ್ಷೆ ಬರೆ ಎಂದರೆ ಸೌತೆಕಾಯಿ ಬರೆಯುತ್ತಿದ್ದ.

"ವೆನಿಂಗ್, ಅಷ್ಟೊಂದು ಯೋಚ್ನೆ ಯಾಕೆ? ನಂಗೇ ವಾಪಸ್ ಕೊಡು."

"ಕೊಟ್ರೆ ಏನ್ಮಾಡ್ತೀರಾ, ಮಾಸ್ ಗುನ್?" ಮಾಸ್ ಎಂದರೆ ಅಣ್ಣ.

"ಹೆಣ್ಣಲ್ವಾ? ಬಣ್ಣ ನೋಡು, ಎಷ್ಟು ಚೆನ್ನಾಗಿದೆ! ದೊಡ್ಡದಾಗ್ಲಿ, ಮೊಟ್ಟೆ ಇಡತ್ತೆ. ಬೆನ್ನು ಸೊಟ್ಟ ಆದ್ರೆ ಬಣ್ಣ ಸೊಟ್ಟ ಆಗತ್ತಾ?"

"ಮರಿಗಳ ಬೆನ್ನು ಸೊಟ್ಟ ಆದ್ರೆ?"

"ಅದು ರಕ್ತದ ದೋಷ ಅಲ್ಲಮ್ಮ. ಮೊಟ್ಟೆ ಪೆಟ್ಟಿಗೇಲಿ ಕಾವು ಜಾಸ್ತಿ ಆಯ್ತು, ಅಷ್ಟೇ."

"ಎಲ್ಲಾ ಜೋಡಿಗೂ ಅದೇ ಪೆಟ್ಟಿಗೆ ತಾನೆ? ಈ ಒಂದು ಜೋಡಿ ಮರಿಗಳಿಗೆ ಮಾತ್ರ ಪ್ರತಿ ಸಲ ಕಾವು ಜಾಸ್ತಿ ಆಗತ್ತಾ?"

ಅವನು ನಕ್ಕುಬಿಟ್ಟ. "ಬು, ನಿಮ್ಮನೇಲಿ ವಕೀಲರಿಗೂ ಕೋಣೆ ಕೊಡ್ತೀರಾ?" ಆದರೆ ಕಿವಿ ಕೆಂಪಾಗಿತ್ತು. ಹೋಗುವಾಗ ಡಬ್ಬಿಯ ಮೇಲೆ ಬಿಸಿಲು ಬೀಳುವುದನ್ನು ಕಂಡು, ಯಾರೂ ಹೇಳದೆಯೇ ಅದನ್ನು ನೆರಳಿಗೆ ಸರಿಸಿ ಹೋದ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅಂದು ಸಂಜೆ ನಾನು ಹೇಳಿದೆ, "ವೆನಿಂಗ್, ರಗಿಲ್ ನನ್ನ ಹತ್ರಾನೇ ಇರ್ಲಿ."

ಅವಳು ಕಣ್ಣು ತಗ್ಗಿಸಿದಳು. "ಬು, ಬೇಜಾರು ಮಾಡ್ಕೋಬೇಡಿ. ಈ ಹಾವುಗಳು ಇಪ್ಪತ್ತೈದು ಮೂವತ್ತು ವರ್ಷ ಬದುಕ್ತವೆ. ನಿಮಗೆ ಎಪ್ಪತ್ತೊಂದು."

"ಹಾಗಾದ್ರೆ ನಾನು ಫೇಲು ಅನ್ನು."

"ಉಣ್ಸೋದ್ರಲ್ಲಿ ಪಾಸಾಗ್ತೀರಿ. ನಿಮ್ಮ ನಂತರ ಯಾರು ಅನ್ನೋದಕ್ಕೆ ಉತ್ತರ ಇಲ್ವಲ್ಲ, ಬು."

ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಮುದುಕಿಯ ಮುಖ ನೋಡಿ ಮಾತು ಬದಲಿಸದ ಹುಡುಗಿಯ ಮೇಲೆ ಗೌರವವೂ ಹುಟ್ಟಿತು. ಉತ್ತರ ಹುಡುಕಲೇಬೇಕೆಂದು ನಿಶ್ಚಯಿಸಿದೆ. ಅದು ಎಲ್ಲಿ ಸಿಗಬೇಕೆಂದೂ ನನಗೆ ಗೊತ್ತಿತ್ತು.

ಮರುದಿನ ಒಳ್ಳೆಯ ಕೆಬಾಯ ಕುಪ್ಪಸ ತೊಟ್ಟು ಗುನಾರ್ಸೊನ ಮನೆಗೆ ಹೋದೆ. ಅವನ ಹೆಂಡತಿ ಚಹಾ ತಂದಿಟ್ಟಳು. "ಕುಡೀರಿ, ಬು," ಎಂದ ಅವನು.

"ಕುಡೀತೀನಿ. ಮೊದಲು ಮಾತು ಮುಗೀಲಿ."

ಅವನು ನೆಟ್ಟಗೆ ಕೂತ. ನಮ್ಮಲ್ಲಿ ಮನೆಯವರು ಕುಡಿಯಿರಿ ಎಂದ ಮೇಲೂ ಅತಿಥಿ ಲೋಟ ಮುಟ್ಟದಿದ್ದರೆ ಅದು ಸಣ್ಣ ಮಾತಲ್ಲ. ಹಾಗೆಂದು ಮನೆಯವನು ಅತಿಥಿಯನ್ನು ಏಳಿ ಎನ್ನುವಂತಿಲ್ಲ, ಬಿಟ್ಟು ಎದ್ದು ಹೋಗುವಂತೆಯೂ ಇಲ್ಲ.

"ರಗಿಲ್‌ನ ನಾನು ಸಾಕ್ತೀನಿ, ಗುನ್. ನನ್ನ ಕಾಲ ಆದ್ಮೇಲೆ ಅವಳು ನಿನ್ನ ಮನೆಗೆ ಬರ್ತಾಳೆ. ಹುಟ್ಸಿದವ್ನು ನೀನು. ಸಾಯೋ ತನಕ ಉಣ್ಸೋದು ನಿನ್ನ ಪಾಲು. ಮೊಟ್ಟೆ ಮಾತ್ರ ಇಡ್ಸೋ ಹಾಗಿಲ್ಲ."

"ಅಯ್ಯೋ ಬು, ಒಂದು ಸೊಟ್ಟ ಹಾವಿಗೆ ಇಷ್ಟೊಂದಾ? ಬನ್ನಿ ಇಲ್ಲಿ." ಒಳಗಿನಿಂದ ಒಂದು ತಟ್ಟೆ ತಂದ. ಒದ್ದೆ ಬಟ್ಟೆಯ ಮೇಲೆ ಹೊಸ ಮರಿಗಳೆರಡು. ಒಂದರ ಬೆನ್ನು ಮಡಚಿತ್ತು. ಇನ್ನೊಂದು ಬಾಯಿ ತೆರೆಯಲಾಗದೆ ತಲೆಯನ್ನು ಬಟ್ಟೆಗೆ ಒತ್ತುತ್ತಿತ್ತು. "ಅಷ್ಟು ಕರುಣೆ ಇದ್ರೆ ಇವನ್ನೂ ತಗೊಳ್ಳಿ. ನಿಮಗೆ ಸುಮ್ನೆ ಕೊಡ್ತೀನಿ."

ಕೈ ಮುಂದೆ ಹೋಗುತ್ತಿತ್ತು. ಕೆಬಾಯದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

"ಬೇಡ."

"ಬೇಡ್ವಾ?"

"ಇವತ್ತು ಇವನ್ನ ತಗೊಂಡ್ರೆ, ಸೊಟ್ಟ ಮರಿ ಹಾಕೋಕೆ ಮೇಷ್ಟ್ರಮ್ಮನ ಮನೆ ಇದೆ ಅಂತ ನಿನಗೆ ಧೈರ್ಯ ಬರತ್ತೆ. ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಜೋಡೀನ ಕೂಡಿಸ್ತೀಯ. ಬಾಯಿ ಬಿಡೋಕಾಗದ ಆ ಮರಿ ಉಪವಾಸ ನರಳ್ತಿದೆ, ಇವತ್ತೇ ಪ್ರಾಣಿ ಡಾಕ್ಟರ ಹತ್ರ ಕರ್ಕೊಂಡ್ಹೋಗು, ನೋವಿಲ್ಲದೆ ಹೋಗ್ಲಿ. ಉಣ್ಣೋಕಾಗೋ ಇನ್ನೊಂದನ್ನ ನೀನೇ ಉಣ್ಸಿ ಸಾಕು. ಆ ಜೋಡೀನ ಬೇರೆ ಮಾಡು. ಜೀವಾನ ಕೊಸರಿಗೆ ಹಾಕ್ಬೇಡ, ಗುನ್."

"ಆ ಜೋಡಿಯ ಬಣ್ಣಕ್ಕೇ ಜನ ನನ್ನ ಹತ್ರ ಬರೋದು, ಬು." ಈಗ ದನಿಯಲ್ಲಿ ನಗು ಇರಲಿಲ್ಲ.

"ಗೊತ್ತಪ್ಪ. ಅದಕ್ಕೇ ಕೇಳೋಕೆ ಬಂದು ಕೂತಿದ್ದೀನಿ."

ಚಹಾ ಆರಿತು. ಅವನ ಹೆಂಡತಿ ಲೋಟ ಒಯ್ದು, ಬಿಸಿ ಮಾಡಿ, ಮತ್ತೆ ನನ್ನ ಕೈಗೆಟುಕುವಲ್ಲಿ ಇಟ್ಟಳು. ಅದೂ ಆರಿತು. ಗುನಾರ್ಸೊ ನೆಲ ನೋಡುತ್ತ ಕೂತಿದ್ದ, ನಕ್ಷೆ ತಪ್ಪಿದಾಗ ಕೂರುತ್ತಿದ್ದ ಹಾಗೆಯೇ. ಸಂಜೆಯ ಪ್ರಾರ್ಥನೆಯ ಕರೆ ಕೇಳಿದಾಗ ಎದ್ದೆ. ಲೋಟ ತುಂಬಿದಂತೆಯೇ ಉಳಿಯಿತು. ಯಾರ ಮನೆಯಲ್ಲೂ ನಾನು ಹಾಗೆ ಮಾಡಿದವಳಲ್ಲ.

ಶುಕ್ರವಾರ ಅವನ ಸುಳಿವಿರಲಿಲ್ಲ. ವೆನಿಂಗ್ ನನ್ನ ಕೈಗೆ ಚಿಮಟ ಕೊಟ್ಟು, "ಸುಮ್ನೆ ಅಭ್ಯಾಸ ಮಾಡಿ, ಬು," ಎಂದಳು. ಮೊದಲು ಮುಚ್ಚಳ ತಟ್ಟಿ ಕಾದೆ. ನಾನು ಕಾದ ರೀತಿ ನೋಡಿ ಅವಳ ಕಣ್ಣು ತುಂಬಿತು. ಆದರೂ ಹೂಂ ಎನ್ನಲಿಲ್ಲ. ಬಸ್ಸಿನ ದಾರಿಗೂ ಸಿದ್ಧವೆಂಬಂತೆ ಡಬ್ಬಿಯ ಸುತ್ತ ಕಂಬಳಿ ಸುತ್ತಿಟ್ಟಳು. ಮನೆ ಸಿಗದಿದ್ದರೆ ಊರಿನ ಕಟ್ಟಿಗೆ ಮನೆಯಲ್ಲಿ ಬಚ್ಚಿಟ್ಟಾದರೂ ಸಾಕುವುದೆಂದು ತೀರ್ಮಾನಿಸಿದ್ದಳು.

ಶನಿವಾರ ಬೆಳಿಗ್ಗೆ ಅವಳ ಪೆಟ್ಟಿಗೆ ಜಗುಲಿಗೆ ಬಂದಾಗ ಗುನಾರ್ಸೊ ಗೇಟಿನಲ್ಲಿ ನಿಂತಿದ್ದ. ಒಳಗೆ ಬರಲು ಸಂಕೋಚ.

"ಬಾಯಿ ಬಿಡದ ಮರಿನ ಡಾಕ್ಟರ ಹತ್ರ ಕರ್ಕೊಂಡ್ಹೋಗಿದ್ದೆ," ಎಂದ. "ಮುಗೀತು. ಇನ್ನೊಂದು ನಿನ್ನೆ ಉಂಡಿತು. ನಮ್ಮನೇಲೇ ಇರತ್ತೆ."

ವೆನಿಂಗ್ ನೇರವಾಗಿ ಕೇಳಿದಳು: "ಆ ಜೋಡಿ?"

"ಗಂಡನ್ನ ಬೇರೆ ಗೂಡಿಗೆ ಹಾಕಿದ್ದೀನಿ. ಮತ್ತೆ ಕೂಡ್ಸಲ್ಲ."

"ರಗಿಲ್?"

ಅವನು ನನ್ನ ಕಡೆ ನೋಡಿದ. "ಬು ನೂರು ವರ್ಷ ಇರ್ಲಿ. ಆಮೇಲೆ ನಾನಿದ್ದೀನಿ. ಮೊಟ್ಟೆ ಇಡ್ಸಲ್ಲ."

ವೆನಿಂಗ್ ಕಂಬಳಿ ಬಿಚ್ಚಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಜಗುಲಿಯಲ್ಲಿ ಕೂತಿದ್ದ ನನ್ನ ತೊಡೆಯ ಮೇಲಿಟ್ಟಳು. ನೆನೆದ ನಾರಿನ ವಾಸನೆ ಮೇಲೆದ್ದಿತು.

ಆಗ ಗುನಾರ್ಸೊ ಗೇಟು ದಾಟಿ ಬಂದ. ಬೆನ್ನ ಹಿಂದೆ ಹಿಡಿದಿದ್ದ ಎರಡು ಬಾಳೆಲೆ ಪೊಟ್ಟಣಗಳನ್ನು ಮುಂದೆ ತಂದ. ದೊಡ್ಡದನ್ನು, ದಾರಿಗೆ ಇರಲಿ ಎಂಬಂತೆ ವೆನಿಂಗಳ ಚೀಲದ ಮೇಲಿಟ್ಟ. ಅನ್ನ, ಹುದುಗಿಸಿದ ಸೋಯಾದ ಟೆಂಪೆ ಪಲ್ಯದ ಬಿಸಿಗೆ ಎಲೆ ಇನ್ನೂ ಬಾಡುತ್ತಿತ್ತು. ಚಿಕ್ಕದನ್ನು ನನ್ನ ಅಂಗೈಯಲ್ಲಿಟ್ಟ. ಎಲೆಯ ಮಡಿಕೆ ಸರಿಸಿ ನೋಡಿದೆ. ಓರೆ ಬಾಯಿಗೆ ಹಿಡಿಸುವಷ್ಟೇ ಪುಟ್ಟ ಇಲಿಮರಿಗಳು, ಒಂದೊಂದನ್ನೂ ಆರಿಸಿ ಸಾಲಾಗಿ ಜೋಡಿಸಿದ್ದ.