ಡಾಕ್ಟರ ಅಂಗಿಯ ಗುಂಡಿ

ಸೂಜಿಗೆ ದಾರ ಪೋಣಿಸಲು ಟೈಲರ್ ಇನ್ನೊಮ್ಮೆ ಹೆಣಗಿದ. ಕಣ್ಣು ಮಂಜಾಗಿತ್ತು; ಅತ್ತದ್ದೂ ಹೌದು, ವಯಸ್ಸಾದದ್ದೂ ಹೌದು. ಪಕ್ಕದ ಮಂಚದ ಮೇಲೆ ಡಾಕ್ಟರು ಬನಿಯನ್ನಿನಲ್ಲೇ ಮಲಗಿ ಅಂಗಿಗಾಗಿ ಕಾಯುತ್ತಿದ್ದರು. ಇಡೀ ಬೀದಿಯನ್ನು ಬೆಂಚಿನ ಮೇಲೆ ಕಾಯಿಸಿದ ಮನುಷ್ಯ!

"ಇರೋದ್ರಲ್ಲಿ ಒಳ್ಳೇದು ಅಂತ ತೆಗೆದ್ರೆ ಇದಕ್ಕೂ ಗುಂಡಿ ಇಲ್ಲ," ಎಂದರು ಡಾಕ್ಟರ ಹೆಂಡತಿ. "ಹೋಗೋ ದಿನಾನೂ ನಿಮ್ಮನ್ನ ಬಿಡ್ಲಿಲ್ಲ ನೋಡಿ."

"ಬಿಡೋ ಆಸಾಮಿನಾ ಅವ್ರು!" ಎಂದ ಟೈಲರ್.

ಹಜಾರದಲ್ಲಿ ಕೂತವರು ದುಃಖದ ನಡುವೆಯೂ ತಂತಮ್ಮ ಕಾಯಿಲೆಗಳನ್ನು ಹರವಿಕೊಂಡಿದ್ದರು.

"ಬೆನ್ನುನೋವು ಅಂದೆ. ಹಾಸಿಗೆ ನೋಡ್ಬೇಕು ಅಂತ ಮನೆಗೇ ಬಂದು ಮಲಗಿದ್ರು," ಎಂದ ಬೇಕರಿಯವನು.

"ಆಮೇಲೆ?"

"ಗೊರಕೆ! ಎದ್ದು, ಹಾಸಿಗೆ ಸರಿಯಾಗಿದೆ, ಹಿಟ್ಟಿನ ಮೂಟೆ ಎತ್ತೋದನ್ನ ಕಲ್ತ್ಕೋ ಅಂದ್ರು."

ಎಲ್ಲರೂ ನಕ್ಕರು, ಡಾಕ್ಟರ ಮಗಳನ್ನು ಬಿಟ್ಟು. ಅವಳೂ ಡಾಕ್ಟರೇ; ಅಪ್ಪ ಹಾಸಿಗೆ ಹಿಡಿದಾಗಿನಿಂದ ಕ್ಲಿನಿಕ್ ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳ ಹತ್ತಿರ ತೋರಿಸಿಕೊಳ್ಳಲು ಎಲ್ಲರೂ ಬಂದರು, ಟೈಲರ್ ಬರಲಿಲ್ಲ. ಅವನ ಬಿಪಿ ನಂಬುವಂಥದ್ದಲ್ಲ. ಅವಳೇ ಯಂತ್ರ ಹಿಡಿದು ಅಂಗಡಿಗೆ ಹೋದರೆ ಅವನು ಬಾಗಿಲೆಳೆದುಕೊಂಡಿದ್ದ. "ಟೈಲರನ್ನ ಬಿಡಬೇಡ" ಎಂದಿದ್ದರು ಅಪ್ಪ. ಹೇಗೆ ಎಂದು ಹೇಳುವಷ್ಟು ಉಸಿರು ಉಳಿದಿರಲಿಲ್ಲ. ಅದೇ ಈಗ ಅವಳ ಎದೆಯಲ್ಲಿ ಕೂತಿತ್ತು.

* * *

ಹಿಂದೊಮ್ಮೆ ಟೈಲರ್ ಕ್ಲಿನಿಕ್ಕಿಗೆ ಬಂದಿದ್ದುಂಟು. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುವಷ್ಟರಲ್ಲಿ ಬೆವೆತು ನೀರಾಗಿ, ಚಪ್ಪಲಿ ಬಿಟ್ಟು ಓಡಿದ. ಆ ಶನಿವಾರ ಚಪ್ಪಲಿ ಹಿಡಿದುಕೊಂಡು ಡಾಕ್ಟರೇ ಅಂಗಡಿಗೆ ಬಂದರು.

"ಗುಂಡಿ ಬಿದ್ದುಹೋಯ್ತು ಕಣಯ್ಯ. ಹಾಕ್ಕೊಡು."

ಹಾಕಿಕೊಟ್ಟ.

"ಊರವರ ಅಳತೆಯೆಲ್ಲ ನೀನು ತಗೋತೀಯ. ನಿನ್ನ ಅಳತೆ ಯಾರು ತಗೋಬೇಕು? ಕೈ ಕೊಡು ಇಲ್ಲಿ."

ತನ್ನ ಸ್ಟೂಲು, ತನ್ನ ಮಿಷನ್ನು, ತನ್ನ ರೇಡಿಯೋ. ಟೈಲರಿಗೆ ಹೆದರಬೇಕೆಂಬುದೇ ನೆನಪಾಗಲಿಲ್ಲ. ಅಲ್ಲಿಂದಾಚೆ ಡಾಕ್ಟರ ಅಂಗಿಯಿಂದ ವಾರ ವಾರವೂ ಗುಂಡಿ ಉದುರತೊಡಗಿತು.

* * *

ಟೈಲರ್ ಗಂಟು ಹಾಕಿ, ಜೇಬಿನ ಪುಟ್ಟ ಕತ್ತರಿಯಿಂದ ದಾರ ಕತ್ತರಿಸಿದ.

"ಅಪ್ಪಂಗೆ ಬಟ್ಟೆ ಮೇಲೆ ಜ್ಞಾನಾನೇ ಇರ್ಲಿಲ್ಲ ಅಲ್ವಾ ಮಾಮ?" ಎಂದಳು ಮಗಳು. "ವಾರಕ್ಕೊಂದು ಗುಂಡಿ ಕಳ್ಕೊಳ್ತಿದ್ರು."

ಟೈಲರಿಗೆ ನಗು ತಡೆಯಲಾಗಲಿಲ್ಲ. "ನಾನು ಹಾಕಿದ ಗುಂಡಿ ತಾನಾಗಿ ಬೀಳುತ್ತೇನಮ್ಮ? ಅಂಗಿ ಹರೀಬೇಕೇ ಹೊರತು ಅದು ಅಲ್ಲಾಡಲ್ಲ. ಕತ್ತರಿಸ್ಕೊಂಡೇ ಬರ್ತಿದ್ರು."

"ನಿಮಗೆ ಗೊತ್ತಿತ್ತಾ?"

"ಮೊದಲ್ನೇ ದಿನಾನೇ. ದಾರದ ತುದಿ ನೋಡಿದ್ರೆ ಗೊತ್ತಾಗಲ್ವಾ? ಬಾಯಿಬಿಟ್ರೆ ಬರೋದೇ ನಿಲ್ಲಿಸ್ತಾರೆ ಅಂತ ಸುಮ್ನಿದ್ದೆ." ಅಂಗಿಯನ್ನು ಮೆಲ್ಲಗೆ ಸವರಿದ. "ಇದೂ ನನ್ನ ಹತ್ರ ಬರೋಕೇ ರೆಡಿ ಮಾಡಿಟ್ಟಿದ್ದು. ಬರೋಕಾಗ್ಲಿಲ್ಲ, ಅಷ್ಟೆ."

ಇಬ್ಬರೂ ಸೇರಿ ಡಾಕ್ಟರಿಗೆ ಅಂಗಿ ತೊಡಿಸಿದರು. ಎಲ್ಲ ಗುಂಡಿಗಳನ್ನೂ ಟೈಲರೇ ಹಾಕಿದ.

ಮಗಳು ತನ್ನ ತೋಳಿನ ಗುಂಡಿಯನ್ನು ಹಿಡಿದು ಜಗ್ಗಿದಳು. ಬರಲಿಲ್ಲ. ತಿರುಚಿದಳು, ಹಲ್ಲು ಕಚ್ಚಿ ಎಳೆದಳು. ಹಜಾರದವರು ಮಾತು ನಿಲ್ಲಿಸಿ ನೋಡತೊಡಗಿದರು.

"ಬಿದ್ದುಹೋಗ್ತಿದೆ ಮಾಮ," ಎಂದಳು, ಕೆನ್ನೆಯ ಮೇಲಿನ ನೀರನ್ನು ಒರೆಸದೆ. "ಶನಿವಾರ ಅಂಗಡಿ ತೆಗ್ದಿರ್ತೀರಾ?"

ಟೈಲರ್ ಅವಳ ಮುಖ ನೋಡಿದ, ಮಂಚದ ಕಡೆ ನೋಡಿದ.

"ಹಾಗೆಲ್ಲ ಬರಲ್ಲಮ್ಮ ಅದು, ನಾನು ಹೊಲಿದಿದ್ದು," ಎಂದವನು ಪುಟ್ಟ ಕತ್ತರಿಯನ್ನು ತೆಗೆದು, ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ.